ವ್ಯಾನ್ ಗೋ ಮತ್ತು ಅವನ ಪೋಸ್ಟ್‌ಮ್ಯಾನ್

ನಾನು ಈ ಶಾಲೆಗೆ 8ನೇ ತರಗತಿಗೆ ಸೇರಿದಾಗ ಲೈಬ್ರರಿ ಬೀರುವಿನಲ್ಲಿ ಮೊದಲ ಪುಟಗಳು ಹರಿದುಹೋಗಿದ್ದ ಒಂದು ಪುಸ್ತಕವಿತ್ತು. ಅದರಲ್ಲೊಂದು ಕಪ್ಪು-ಬಿಳುಪು ಚಿತ್ರ: ಟೋಪಿ ಹಾಕಿ ಕುರ್ಚಿಯಲ್ಲಿ ಕುಳಿತ, ದಟ್ಟ ಗಡ್ಡದ ಪೋಸ್ಟ್‌ಮ್ಯಾನ್. ಚೌಕ ಎಳೆದು ಚಿತ್ರ ದೊಡ್ಡದು ಮಾಡುವುದನ್ನು ನಮ್ಮ ಡ್ರಾಯಿಂಗ್ ಮೇಷ್ಟ್ರು ಆಗಷ್ಟೇ ಕಲಿಸಿದ್ದರು. ನಾನು ಅದನ್ನೇ ಹಾಳೆಗೆ ಇಳಿಸಿ, ಬಟ್ಟೆಗೆ ಖಾಕಿ ಬಣ್ಣ ತುಂಬಿದೆ. ನಮ್ಮೂರ ಪೋಸ್ಟ್‌ಮ್ಯಾನ್ ತೊಡುತ್ತಿದ್ದುದು ಖಾಕಿ. ಬೇರೆ ಬಣ್ಣ ಇರಬಹುದೆಂದು ಹೊಳೆಯಲೇ ಇಲ್ಲ. ಸ್ಪರ್ಧೆಯೊಂದಕ್ಕೆ ಕೊಟ್ಟಾಗ ಇದು ಸ್ವಂತದ್ದಲ್ಲ, ನಕಲು ಎಂದು ಪಕ್ಕಕ್ಕಿಟ್ಟರು. ಆಮೇಲೆ ನಾನು ಬ್ರಷ್ ಹಿಡಿಯಲಿಲ್ಲ. ಪಿಯುಸಿ, ಸಿಇಟಿ, ಬಿ.ಇ. ಎಂದು ದಾರಿಯೂ ಬೇರೆಯಾಯಿತು.

ಎಷ್ಟೋ ವರ್ಷಗಳ ನಂತರ ಕಂಪನಿ ಕೆಲಸದ ಮೇಲೆ ಅಮೆರಿಕದ ಬಾಸ್ಟನ್‌ಗೆ ಹೋದಾಗ ಅಲ್ಲಿನ ಕಲಾ ಸಂಗ್ರಹಾಲಯದ ಗೋಡೆಯಲ್ಲಿ ಅದೇ ಮನುಷ್ಯ ಕುಳಿತಿದ್ದ. ಬಟ್ಟೆ ಕಡುನೀಲಿ, ಗುಂಡಿಗಳು ಬಂಗಾರದ ಬಣ್ಣ. ಬರೆದವನು ವಿನ್ಸೆಂಟ್ ವ್ಯಾನ್ ಗೋ. ಅವನ ಬಗ್ಗೆ ಓದತೊಡಗಿದ್ದು ಅಂದಿನಿಂದ.

ವ್ಯಾನ್ ಗೋ ಹುಟ್ಟಿದ್ದು 1853ರ ಮಾರ್ಚ್ 30ರಂದು, ಹಾಲೆಂಡಿನ ಜುಂಡರ್ಟ್ ಎಂಬ ಹಳ್ಳಿಯಲ್ಲಿ. ತಂದೆ ಚರ್ಚಿನ ಪಾದ್ರಿ. ಹದಿನಾರಕ್ಕೆ ಚಿತ್ರ ಮಾರುವ ಅಂಗಡಿಯ ಕೆಲಸಕ್ಕೆ ಸೇರಿದ, ಕೆಲವು ವರ್ಷಗಳಲ್ಲಿ ಅದು ಹೋಯಿತು. ಇಂಗ್ಲೆಂಡಿನಲ್ಲಿ ಮೇಷ್ಟ್ರಾದ, ಪುಸ್ತಕದಂಗಡಿಯಲ್ಲಿದ್ದ, ಧರ್ಮಶಾಸ್ತ್ರ ಓದಲು ಹೋಗಿ ಬಿಟ್ಟ. ಬೆಲ್ಜಿಯಂನ ಕಲ್ಲಿದ್ದಲು ಗಣಿಗಳಲ್ಲಿ ಧರ್ಮಬೋಧಕನಾಗಿ ತನ್ನ ಬಟ್ಟೆಯನ್ನೂ ಕೂಲಿಕಾರರಿಗೆ ಕೊಟ್ಟುಬಿಟ್ಟ. ಇದು ಅತಿಯಾಯಿತೆಂದು ಅಲ್ಲೂ ತೆಗೆದುಹಾಕಿದರು. ಚಿತ್ರಕಾರನಾಗುತ್ತೇನೆಂದು ನಿರ್ಧರಿಸುವಾಗ ವಯಸ್ಸು 27. ನಮ್ಮೂರಲ್ಲಾಗಿದ್ದರೆ ಹುಡುಗ ಕೆಟ್ಟ ಎಂದು ಕಟ್ಟೆಯ ಮೇಲೆ ತೀರ್ಮಾನವಾಗುತ್ತಿತ್ತು. ಅಲ್ಲಿಂದ ಕೊನೆಯವರೆಗೆ ಅವನನ್ನು ಸಾಕಿದ್ದು ನಾಲ್ಕು ವರ್ಷ ಚಿಕ್ಕವನಾದ ತಮ್ಮ ಥಿಯೋ.

ಕಲಿತದ್ದು ಹೇಗೆ? ನಕಲು ಮಾಡಿ. ಅಭ್ಯಾಸದ ಪುಸ್ತಕಗಳ ಚಿತ್ರಗಳನ್ನು ಒಂದೊಂದಾಗಿ ಪ್ರತಿ ಮಾಡಿದ. ಫ್ರಾನ್ಸಿನ ಮಿಲೆ ಬರೆದ ರೈತರ ಚಿತ್ರಗಳ ಅಚ್ಚುಪ್ರತಿಗಳನ್ನು ಮುಂದಿಟ್ಟುಕೊಂಡು ಮತ್ತೆ ಮತ್ತೆ ತಿದ್ದಿದ. ಇದನ್ನು ಓದಿದ ದಿನ ನನಗೆ ಆದ ಸಮಾಧಾನ ಬರೆದು ತಿಳಿಸಲಾರೆ.

1888ರ ಫೆಬ್ರವರಿಯಲ್ಲಿ ಆತ ದಕ್ಷಿಣ ಫ್ರಾನ್ಸಿನ ಆರ್ಲ್ ಊರಿಗೆ ಬಂದ. ಅಲ್ಲಿ ಸಿಕ್ಕವನು ಜೋಸೆಫ್ ರೂಲಾಂ. ಎಲ್ಲರೂ ಪೋಸ್ಟ್‌ಮ್ಯಾನ್ ಎನ್ನುತ್ತಾರೆ, ಆದರೆ ಅವನು ಮನೆಮನೆಗೆ ಕಾಗದ ಹಂಚುವವನಲ್ಲ; ರೈಲ್ವೆ ನಿಲ್ದಾಣದಲ್ಲಿ ಅಂಚೆ ಮೂಟೆಗಳನ್ನು ನೋಡಿಕೊಳ್ಳುವ ನೌಕರ. ತಿಂಗಳಿಗೆ 135 ಫ್ರಾಂಕ್ ಸಂಬಳ, ಹೆಂಡತಿ ಅಗಸ್ಟೀನ್, ಮೂರು ಮಕ್ಕಳು. ಚಿತ್ರಕ್ಕೆ ಕುಳಿತದ್ದಕ್ಕೆ ಹಣ ಬೇಡವೆಂದ, ಬದಲಿಗೆ ಜೊತೆಯಲ್ಲಿ ಕೂತು ಉಂಡು ಕುಡಿದ. ಹಣ ಕೊಡುವುದಕ್ಕಿಂತ ಅದೇ ಹೆಚ್ಚು ಖರ್ಚಾಯಿತೆಂದು ವ್ಯಾನ್ ಗೋ ತಮ್ಮನಿಗೆ ಲೆಕ್ಕ ಒಪ್ಪಿಸಿದ್ದಾನೆ!

ಅದೇ ಡಿಸೆಂಬರ್ 23ರ ರಾತ್ರಿ, ಗೆಳೆಯ ಗೋಗ್ಯಾಂ ಜೊತೆ ಜಗಳವಾಗಿ, ವ್ಯಾನ್ ಗೋ ತನ್ನ ಕಿವಿಯನ್ನೇ ಕತ್ತರಿಸಿಕೊಂಡ. ಆಗ ಆಸ್ಪತ್ರೆಗೆ ಹೋಗಿ ನೋಡಿಕೊಂಡವನು, ಥಿಯೋಗೆ ಕಾಗದ ಬರೆದು ಸ್ಥಿತಿ ತಿಳಿಸಿದವನು ರೂಲಾಂ. ಮುಂದಿನ ತಿಂಗಳು ಅವನಿಗೆ ಮಾರ್ಸೇಗೆ ವರ್ಗವಾಯಿತು. ಅವನು ಹೋದ ಮೇಲೆ, ಈ ಹುಚ್ಚನನ್ನು ಊರಲ್ಲಿ ಬಿಡಬಾರದೆಂದು ನೆರೆಹೊರೆಯ ಸುಮಾರು ಮೂವತ್ತು ಮಂದಿ ಅರ್ಜಿಗೆ ಸಹಿ ಹಾಕಿದರು.

ರೂಲಾಂನನ್ನು ವ್ಯಾನ್ ಗೋ ಬಣ್ಣದಲ್ಲಿ ಬರೆದದ್ದು ಒಮ್ಮೆಯಲ್ಲ, ಆರು ಸಲ. ತೊಟ್ಟಿಲಿನ ಹಗ್ಗ ಹಿಡಿದು ಕುಳಿತ ಅಗಸ್ಟೀನ್‌ಳ ಚಿತ್ರ ಐದು. ತನ್ನದೇ ಚಿತ್ರವನ್ನು ಎದುರಿಗಿಟ್ಟುಕೊಂಡು ಮತ್ತೊಂದು ಬರೆಯುವುದು ಅವನ ರೂಢಿ. ಗೆರೆಯೋ ಬಣ್ಣವೋ ಪ್ರತಿ ಸಲ ಸ್ವಲ್ಪ ಬದಲಾಗುತ್ತಿತ್ತು. ಆ ಐದರಲ್ಲಿ ಬೇಕಾದದ್ದನ್ನು ಆರಿಸಿಕೊಳ್ಳಲು ಅಗಸ್ಟೀನ್‌ಗೇ ಬಿಟ್ಟ. ಆಕೆ ಒಳ್ಳೆಯದನ್ನೇ ಆರಿಸಿದಳಂತೆ.

1889ರ ಮೇ ತಿಂಗಳಲ್ಲಿ ಸಾಂ-ರೆಮಿಯ ಮಾನಸಿಕ ಆಸ್ಪತ್ರೆಗೆ ಸೇರಿದ. ಹೊರಗೆ ಹೋಗಲಾಗದ ದಿನಗಳಲ್ಲಿ ಮಿಲೆಯ ಕಪ್ಪು-ಬಿಳುಪು ಅಚ್ಚುಗಳನ್ನು ಮತ್ತೆ ತೆಗೆದು, ತನಗೆ ತೋಚಿದ ಬಣ್ಣದಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಿತ್ರ ಬರೆದ. ಸಂಗೀತಗಾರ ಇನ್ನೊಬ್ಬರ ಕೃತಿಯನ್ನು ನುಡಿಸುವ ಹಾಗೆ ಇದು ಎಂಬುದು ಅವನ ವಾದ. ಖಾಕಿ ತುಂಬಿದ ನನ್ನ ವಾದವೂ ಬಹುಶಃ ಅದೇ ಇತ್ತು, ಹೇಳಲು ಆಗ ಬಾಯಿರಲಿಲ್ಲ.

1890ರ ಜುಲೈ 29ರಂದು, ಎರಡು ದಿನ ಹಿಂದೆ ತಾನೇ ಹಾರಿಸಿಕೊಂಡ ಗುಂಡಿನ ಗಾಯದಿಂದ, ಪ್ಯಾರಿಸ್ ಬಳಿಯ ಓವೇರ್‌ನಲ್ಲಿ ತೀರಿಕೊಂಡ. ವಯಸ್ಸು 37. ಆರು ತಿಂಗಳಲ್ಲಿ ಥಿಯೋನೂ ಹೋದ. ಚಿತ್ರಗಳನ್ನೂ ಕಾಗದಗಳನ್ನೂ ಕಾಪಾಡಿ ಲೋಕಕ್ಕೆ ತೋರಿಸಿದವಳು ಥಿಯೋನ ಹೆಂಡತಿ ಯೋ. ಆಕೆ ಇಲ್ಲದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ತಮಗೆ ಕೊಟ್ಟಿದ್ದ ಚಿತ್ರಗಳನ್ನು ರೂಲಾಂ ಮನೆಯವರು ಪ್ಯಾರಿಸಿನ ವ್ಯಾಪಾರಿಯೊಬ್ಬನಿಗೆ ಮಾರಿದರು. ಬಡ ಸಂಸಾರ, ತಪ್ಪೆನ್ನಲಾರೆ. ಶತಮಾನ ಕಳೆದು, 1990ರಲ್ಲಿ, ಅವನೇ ಬರೆದ ಡಾಕ್ಟರ್ ಗಾಶೆಯ ಭಾವಚಿತ್ರ 8 ಕೋಟಿ 25 ಲಕ್ಷ ಡಾಲರ್‌ಗೆ ಹರಾಜಾಯಿತು.

ನಮ್ಮಂಥವರಿಗೆ ದಕ್ಕುವುದು ಕೈಯಲ್ಲೇ ಬರೆದ ಪ್ರತಿ. ಚೀನಾದ ಶೆನ್‌ಜೆನ್ ನಗರದ ದಾಫೆನ್ ಎಂಬಲ್ಲಿ ಸಾವಿರಾರು ಮಂದಿಗೆ ಇದೇ ಕಸುಬು. ಪ್ರತಿ ಎಂದು ಹೇಳಿಯೇ ಮಾರುವುದರಿಂದ ಇದು ಮೋಸವಲ್ಲ. ಮೋಸದವರೂ ಇದ್ದರು: ಬರ್ಲಿನ್ನಿನ ಒಟ್ಟೋ ವಾಕರ್ ಎಂಬ ವ್ಯಾಪಾರಿ ಮೂವತ್ತರಷ್ಟು ಖೋಟಾ ಚಿತ್ರಗಳನ್ನು ವ್ಯಾನ್ ಗೋನ ಅಸಲಿ ಎಂದು ಮಾರಿ, 1932ರಲ್ಲಿ ಶಿಕ್ಷೆಗೊಳಗಾದ.

ನಾನೂ ಪೋಸ್ಟ್‌ಮ್ಯಾನ್‌ನ ಒಂದು ಪ್ರತಿ ತರಿಸಿದೆ. ಕ್ಯಾನ್ವಾಸ್ ಸುರುಳಿಯಾಗಿ ಕೊಳವೆಯಲ್ಲಿ ಬಂತು. ಎಣ್ಣೆಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ನೀಲಿ ಸರಿಯಾಗಿದೆ, ಬೆರಳಾಡಿಸಿದರೆ ಗಡ್ಡದಲ್ಲಿ ಬಣ್ಣದ ದಪ್ಪವೂ ಸಿಗುತ್ತದೆ. ಆದರೆ ಅಸಲಿನಲ್ಲಿ ಕೈಗಳು ಸ್ವಲ್ಪ ಮೊರಡು, ಎಲ್ಲಿಡಬೇಕೆಂದು ಗೊತ್ತಾಗದೆ ಇಟ್ಟ ಹಾಗಿವೆ. ಪ್ರತಿ ಬರೆದವರು ಅವನ್ನು ಅಂದವಾಗಿ ತಿದ್ದಿಬಿಟ್ಟಿದ್ದಾರೆ. ಕೋಡ್ ಕಾಪಿ ಮಾಡುವಾಗ ನಾವೂ ಹೀಗೆಯೇ ಇಲ್ಲದ ತಪ್ಪು ತಿದ್ದಲು ಹೋಗುತ್ತೇವೆ.

ಸುವರ್ಣ ಮಹೋತ್ಸವಕ್ಕೆ ಆ ಪ್ರತಿಯನ್ನು ಚೌಕಟ್ಟು ಹಾಕಿಸಿ ಡ್ರಾಯಿಂಗ್ ಕೋಣೆಗೆ ಕೊಟ್ಟಿದ್ದೇನೆ. ಮಕ್ಕಳು ಕೈಗಳನ್ನು ಹೋಲಿಸಿ ನೋಡಲೆಂದು ಪಕ್ಕದಲ್ಲಿ ಅಸಲಿನ ಫೋಟೋ ಇದೆ. ಕೆಳಗಿನ ಬೆಂಚಿನ ಮೇಲೆ ಹಾಳೆ, ಬ್ರಷ್, ಬಣ್ಣದ ಡಬ್ಬಿಗಳನ್ನು ಇಡಿಸಿದ್ದೇನೆ. ನೀಲಿ ಎರಡಿವೆ, ಖಾಕಿ ಒಂದು.