ಬೆಂಕಿಪುರದ ಕುಲುಮೆ, ಬೆಂಗಳೂರಿನ ಕಾಲೇಜು

ಸೆಪ್ಟೆಂಬರ್ 15 ಬಂತೆಂದರೆ ಭದ್ರಾವತಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪಟಕ್ಕೆ ಹಾರ ಬೀಳುತ್ತದೆ. ಕನ್ನಂಬಾಡಿ ಕಟ್ಟೆ, ಮೈಸೂರು ಪೇಟ, ಗಡಿಯಾರದಂಥ ಶಿಸ್ತು - ಇಷ್ಟು ಹೇಳಿದರೆ ಭಾಷಣ ಮುಗೀತು. ಆದರೆ ಆ ಮನುಷ್ಯ ಜೀವಮಾನವಿಡೀ ತಲೆ ಕೆಡಿಸಿಕೊಂಡಿದ್ದ ಇನ್ನೊಂದು ವಿಷಯ ವೇದಿಕೆಯ ಮೇಲೆ ಬರುವುದೇ ಅಪರೂಪ. ಓದುವ ಹುಡುಗ ಒಂದು ಕಡೆ, ಓಡುವ ಯಂತ್ರ ಒಂದು ಕಡೆ ಆಗಬಾರದು, ಕಾಲೇಜಿನ ಬಾಗಿಲು ಕಾರ್ಖಾನೆಗೆ ತೆರೆಯಬೇಕು ಎಂಬುದೇ ಆ ವಿಷಯ.

ಅದಕ್ಕೆ ಕಾರಣ ಅವರ ಬಾಳಿನಲ್ಲೇ ಇತ್ತು. ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯ ಬಡ ಮನೆ. ಎಳೆ ವಯಸ್ಸಿನಲ್ಲೇ ತಂದೆ ಹೋದರು. ಬೆಂಗಳೂರಿಗೆ ಬಂದ ಹುಡುಗ ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮಾಡಿದ. ಇಂಜಿನಿಯರಿಂಗ್ ಓದಬೇಕೆಂದರೆ ಮೈಸೂರು ಸಂಸ್ಥಾನದಲ್ಲಿ ಕಾಲೇಜೇ ಇಲ್ಲ! ಸರ್ಕಾರದ ವಿದ್ಯಾರ್ಥಿವೇತನ ಹಿಡಿದು ಪುಣೆಗೆ ಹೋಗಬೇಕಾಯಿತು. 1883ರಲ್ಲಿ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಮರುವರ್ಷ ಮುಂಬೈ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ. ಮೈಸೂರಿನ ದುಡ್ಡಿನಲ್ಲಿ ಓದಿದ ಹುಡುಗ ಇಪ್ಪತ್ತೈದು ವರ್ಷ ದುಡಿದದ್ದು ಹೊರಗಿನವರಿಗೆ. ಈ ಲೆಕ್ಕ ಅವರ ತಲೆಯಲ್ಲಿ ಉಳಿದಿದ್ದರೆ ಆಶ್ಚರ್ಯವೇನಲ್ಲ.

1898ರಲ್ಲಿ ಜಪಾನಿಗೆ ಹೋಗಿ ಬಂದರು. ಅಲ್ಲಿ ಕಂಡ ಶಾಲೆಗಳು, ಕಾರ್ಖಾನೆಗಳು ಅವರ ತಲೆಯಿಂದ ಕೊನೆಯವರೆಗೂ ಇಳಿಯಲಿಲ್ಲ. 1909ರಲ್ಲಿ ಮೈಸೂರಿಗೆ ಮುಖ್ಯ ಇಂಜಿನಿಯರ್ ಆಗಿ ಬಂದರು, 1912ರಲ್ಲಿ ದಿವಾನರಾದರು. ಆಮೇಲಿನ ಆರು ವರ್ಷ ಸಂಸ್ಥಾನಕ್ಕೆ ಪುರುಸೊತ್ತಿರಲಿಲ್ಲ.

ಗಂಧದೆಣ್ಣೆಯ ಕಥೆ ನೋಡಿ. ಮೈಸೂರಿನ ಗಂಧದ ಕೊರಡು ಹಡಗು ಹತ್ತಿ ಜರ್ಮನಿಗೆ ಹೋಗುತ್ತಿತ್ತು, ಎಣ್ಣೆ ತೆಗೆಯುವವರು ಅವರು. 1914ರಲ್ಲಿ ಯುದ್ಧ ಶುರುವಾಗಿ ವ್ಯಾಪಾರ ನಿಂತಿತು. ಗಂಧ ಗೋದಾಮಿನಲ್ಲಿ ಬಿತ್ತು. ಆಗ ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾಗಿದ್ದ ಆಲ್ಫ್ರೆಡ್ ಚಾಟರ್ಟನ್ ಹೋಗಿ ತಟ್ಟಿದ್ದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಬಾಗಿಲು. ಅಲ್ಲಿನ ಪ್ರೊಫೆಸರುಗಳಾದ ಸಡ್ಬರೋ, ವಾಟ್ಸನ್ ಇವರು ಪ್ರಯೋಗಶಾಲೆಯಲ್ಲಿ ಎಣ್ಣೆ ತೆಗೆದು ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಕಾರ್ಖಾನೆ ಎದ್ದೇ ಬಿಟ್ಟಿತು. ಅದರ ಬೆನ್ನಿಗೇ ಸಾಬೂನು. ಮೇಷ್ಟರ ಗಾಜಿನ ಕೊಳವೆಯಿಂದ ಅಂಗಡಿಯ ಕಪಾಟಿಗೆ ಇಷ್ಟು ಬೇಗ ಬಂದ ಸರಕು ಈ ನಾಡಿನಲ್ಲಿ ಬೇರೆ ಯಾವುದಿದ್ದೀತು? ಇವತ್ತಿಗೂ ಮನೆಮನೆಯ ಬಚ್ಚಲಲ್ಲಿ ಅದರ ಪರಿಮಳ ಇದೆ.

1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆಯಿತು. ಮೈಸೂರಿನ ಹುಡುಗ ಪುಣೆಯ ಗಾಡಿ ಹತ್ತುವುದು ತಪ್ಪಿತು. ಆದರೆ ಓದಿ ಬಂದವನಿಗೆ ಕೆಲಸ? ಲೋಕೋಪಯೋಗಿ ಇಲಾಖೆ ಎಷ್ಟು ಜನರನ್ನು ತುಂಬಿಕೊಂಡೀತು? ಕಾಲೇಜಿಗೆ ಜೋಡಿಯಾಗಿ ಕಾರ್ಖಾನೆ ಬೇಕೇ ಬೇಕು. ಬೆಂಕಿಪುರ ಎಂದು ಹಳಬರು ಕರೆಯುತ್ತಿದ್ದ ಭದ್ರಾವತಿಯಲ್ಲಿ ಕಬ್ಬಿಣದ ಕುಲುಮೆ ಕಟ್ಟುವ ಹಟ ಹಿಡಿದದ್ದು ಆ ಹೊತ್ತಿನಲ್ಲೇ.

ಕುಲುಮೆ ಏಳುವ ಮೊದಲೇ ದಿವಾನಗಿರಿ ಬಿಟ್ಟರು. ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ವಿಷಯದಲ್ಲಿ ಮಹಾರಾಜರಿಗೂ ಅವರಿಗೂ ಹೊಂದಲಿಲ್ಲ. ಅರ್ಹತೆಯೊಂದೇ ಸಾಕೆಂಬ ಅವರ ವಾದ, ಶಾಲೆಯ ಮೆಟ್ಟಿಲನ್ನೇ ಕಾಣದ ಜಾತಿಗಳಿಗೆ ಯಾವ ದಾರಿಯನ್ನೂ ತೋರಿಸಲಿಲ್ಲ. ಹಾರ ಹಾಕುವವರು ಇದನ್ನೂ ನೆನೆಯಬೇಕು.

ಭದ್ರಾವತಿಯಲ್ಲಿ 1923ರಲ್ಲಿ ಕುಲುಮೆ ಉರಿಯಿತು, ಹಣವೂ ಉರಿಯತೊಡಗಿತು. ಕೆಮ್ಮಣ್ಣುಗುಂಡಿಯ ಅದಿರು ಇತ್ತು, ಭದ್ರೆಯ ನೀರಿತ್ತು. ಕಲ್ಲಿದ್ದಲು ಮಾತ್ರ ಇಲ್ಲ. ಹಾಗಾಗಿ ಮಲೆನಾಡಿನ ಮರವನ್ನೇ ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಇದ್ದಿಲು ಮಾಡುವುದು, ಜೊತೆಗೆ ಬರುವ ಮರದ ಸಾರಾಯಿ, ಟಾರು, ಸುಣ್ಣದ ಅಸಿಟೇಟನ್ನು ಮಾರುವುದು ಎಂಬ ಯೋಜನೆ. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಯುದ್ಧ ಮುಗಿದು ಬೀಡು ಕಬ್ಬಿಣದ ಬೆಲೆ ಕುಸಿದು ಕೂತಿತು. ಬಿಳಿಯಾನೆ ಸಾಕಿದ್ದು ಸಾಕು, ಬಾಗಿಲು ಹಾಕಿ ಎಂಬ ಕೂಗೆದ್ದಿತು. ಮಹಾರಾಜರು ವಿಶ್ವೇಶ್ವರಯ್ಯನವರನ್ನೇ ಕರೆದು ಆಡಳಿತ ಮಂಡಲಿಯ ಅಧ್ಯಕ್ಷ ಪಟ್ಟದಲ್ಲಿ ಕೂರಿಸಿದರು. ನೀವು ಹುಟ್ಟಿಸಿದ ಕೂಸು, ನೀವೇ ಸಾಕಿ ಎಂದಂತೆ.

ಅವರು 1929ರವರೆಗೆ ಆ ಹೊರೆ ಹೊತ್ತರು. ಖರ್ಚಿನ ಚೀಟಿ ಚೀಟಿ ನೋಡಿದರು. ದುಬಾರಿ ಸಂಬಳದ ಅಮೆರಿಕನ್ ತಜ್ಞರನ್ನು ಒಬ್ಬೊಬ್ಬರನ್ನಾಗಿ ಕಳಿಸಿ ಆ ಜಾಗಗಳಿಗೆ ದೇಶೀಯ ಇಂಜಿನಿಯರುಗಳನ್ನು ತಂದರು. ಆಗಿನ ಕಾಲಕ್ಕೆ ಇದು ಸಣ್ಣ ಧೈರ್ಯವಲ್ಲ. ಕುಲುಮೆ ಒಮ್ಮೆ ತಣ್ಣಗಾದರೆ ಒಳಗಿನ ಕಬ್ಬಿಣ ಹೆಪ್ಪುಗಟ್ಟಿ ಇಡೀ ಕುಲುಮೆಯೇ ಹಾಳು. ಅಂಥದ್ದನ್ನು ನಂಬಿ ಕೊಟ್ಟದ್ದು ಈ ನೆಲದ ಕೈಗಳಿಗೆ. ಕುಲುಮೆ ಆರಲಿಲ್ಲ. ಕೊಳವೆ ಎರಕದ ವಿಭಾಗ ಬಂತು, ಮುಂದಿನ ದಶಕದಲ್ಲಿ ಉಕ್ಕು ಬಂತು, ಸಿಮೆಂಟು ಬಂತು. ಊರು ಬೆಳೆಯಿತು. ಕಾಡು ಕರಗಿತು ಎನ್ನುವುದೂ ಅಷ್ಟೇ ನಿಜ. ಆ ಇದ್ದಿಲಿಗೆ ಬಿದ್ದ ಮರಗಳ ಲೆಕ್ಕ ಲಾಭ-ನಷ್ಟದ ಪಟ್ಟಿಯಲ್ಲಿ ಬರಲಿಲ್ಲ.

ಭದ್ರಾವತಿಯ ದುಡಿಮೆಗೆಂದು ಸರ್ಕಾರ ಅವರಿಗೆ ಕೊಡಹೊರಟ ಹಣ ಲಕ್ಷಕ್ಕೂ ಮೇಲಿತ್ತು. ಅದನ್ನು ಅವರು ಜೇಬಿಗಿಳಿಸಲಿಲ್ಲ. ಕೈಕೆಲಸ ಕಲಿಸುವ ಶಾಲೆಯೊಂದನ್ನು ತೆರೆಯಿರಿ ಎಂದರು. 1943ರಲ್ಲಿ ಬೆಂಗಳೂರಿನಲ್ಲಿ ತೆರೆದ ಆ ಸಂಸ್ಥೆಗೆ ತಮ್ಮ ಹೆಸರೂ ಬೇಡವೆಂದರು. ಅದಕ್ಕೇ ಅದು ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಆಯಿತು. ಡಿಗ್ರಿ ಇಲ್ಲದ ಹುಡುಗನೂ ಅಲ್ಲಿ ಕಸುಬು ಕಲಿತು ನೇರ ಕೆಲಸಕ್ಕೆ ಹೋಗಬಹುದಿತ್ತು. ಸಿನಿಮಾ ಛಾಯಾಗ್ರಹಣವನ್ನೂ ಕಲಿಸಿದರು! ಗುರುದತ್ತರ ಚಿತ್ರಗಳಿಗೆ ನೆರಳು-ಬೆಳಕು ಹಿಡಿದ ಮೈಸೂರಿನ ವಿ.ಕೆ. ಮೂರ್ತಿ ಕ್ಯಾಮೆರಾ ಕಲಿತದ್ದು ಅಲ್ಲೇ. ಕಬ್ಬಿಣದ ದುಡ್ಡು ಎಲ್ಲಿಗೆ ಹೋಗಿ ಮುಟ್ಟಿತು ನೋಡಿ.

1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ತುಂಬಿದ ಮೇಲೆ, ತೀರಿಕೊಂಡರು. ಬೇಡವೆಂದ ಹೆಸರು ಆಮೇಲೆ ಹುಡುಕಿಕೊಂಡು ಬಂತು: 1965ರಲ್ಲಿ ಬೆಂಗಳೂರಿನ ಕಾಲೇಜಿಗೆ, ಆ ಬಳಿಕ ಭದ್ರಾವತಿಯ ಕಾರ್ಖಾನೆಗೆ. 1989ರಲ್ಲಿ ಕಾರ್ಖಾನೆ ಕೇಂದ್ರದ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ಕಾರ್ಮಿಕರು ಧರಣಿ ಕೂತರು. ನಷ್ಟ, ಸಾಕಿದ್ದು ಸಾಕು ಎಂಬ ಅದೇ ಹಳೆಯ ಮಾತು ನೂರು ವರ್ಷದ ಮೇಲೆ ಮತ್ತೆ ಕೇಳಿಬಂತು. ಈ ಸಲ ಕರೆದು ಕೂರಿಸಲು ಅವರಿರಲಿಲ್ಲ.