ಹಸಿವು ಗೊತ್ತಿದ್ದ ತಾಯಿ: ಪಂಡಿತಾ ರಮಾಬಾಯಿ

1905ರಲ್ಲಿ ಮುಕ್ತಿ ಮಿಷನ್‌ನಲ್ಲಿ ಪವಿತ್ರಾತ್ಮನ ಅಗ್ನಿ ಇಳಿದದ್ದು ನಮಗೆಲ್ಲ ಗೊತ್ತು. ಆದರೆ ಅಲ್ಲಿ ಪ್ರಾರ್ಥನೆ ಮಾಡ್ತಿದ್ದ ಹುಡುಗಿಯರು ಎಲ್ಲಿಂದ ಬಂದವರು ಅಂತ ನಾವು ಕೇಳೋದು ಕಡಿಮೆ. ತಿಂಗಳಿಗೊಮ್ಮೆ ಮಕ್ಕಳ ಆಶ್ರಮಕ್ಕೆ ಸೇವೆಗೆ ಹೋಗೋ ನಿಮಗೆ ಅದು ಗೊತ್ತಿರಬೇಕು.

ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮದೇ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ತೀರ್ಥಕ್ಷೇತ್ರಗಳಲ್ಲಿ ಪುರಾಣ ಹೇಳುತ್ತಾ ಸಂಸಾರ ಕಟ್ಟಿಕೊಂಡು ಊರೂರು ನಡೆದರು. 1870ರ ದಶಕದಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಬರ ಬಂತು. ಆಗ ಹೊಸಪೇಟೆ, ಹಂಪಿ, ಕಂಪ್ಲಿ ಆ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು, ಸಂಡೂರು ಮಾತ್ರ ಬೇರೆ ಸಂಸ್ಥಾನ. 1876-78ರಲ್ಲಿ ನಮ್ಮ ಸೀಮೆ ಎಷ್ಟು ಸತ್ತಿತು ಅನ್ನೋದು ಹಿರಿಯರ ಮಾತಲ್ಲಿ ಇನ್ನೂ ಇದೆ. ಆ ದಶಕದ ಹಸಿವಿನಲ್ಲೇ ರಮಾಬಾಯಿಯ ತಂದೆ, ತಾಯಿ, ಅಕ್ಕ ಒಬ್ಬೊಬ್ಬರಾಗಿ ತೀರಿಹೋದರು. ಹದಿಹರೆಯದ ಹುಡುಗಿ ಕಾಡಿನ ಎಲೆ, ಹಣ್ಣು ತಿಂದು ಬದುಕಿ, ಅಣ್ಣನ ಜೊತೆ ನಡೆದು 1878ರಲ್ಲಿ ಕಲ್ಕತ್ತಾ ಸೇರಿದಳು. ಅಲ್ಲಿ ಪಂಡಿತಾ ಅಂತ ಬಿರುದು ಬಂತು. 1880ರಲ್ಲಿ ಅಣ್ಣ, 1882ರಲ್ಲಿ ಗಂಡ ಹೋದರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ.

1896-97ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಬರ. ತನ್ನ ಹಳೆಯ ಹಸಿವು ನೆನಪಾಗಿ ಆಕೆಗೆ ಸುಮ್ಮನಿರಲು ಆಗಲಿಲ್ಲ. ಪರಿಹಾರ ಶಿಬಿರಗಳಲ್ಲೇ ಕೆಟ್ಟ ಗಂಡಸರು ಹುಡುಗಿಯರನ್ನು ಹೊತ್ತೊಯ್ಯುವುದನ್ನು ಕಂಡರು. ಸುಮಾರು 300 ಹುಡುಗಿಯರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗ್, ಹಾಗಾಗಿ ಕೇಡಗಾಂವ್‌ನ ಹೊಲದಲ್ಲೇ ವಸತಿ. ಅದೇ ಮುಕ್ತಿ.

ಅಲ್ಲಿ ಊಟ, ಔಷಧಿ, ಶಾಲೆ, ಮಗ್ಗ, ಛಾಪಖಾನೆ, ಹಸು, ತೋಟ ಎಲ್ಲಾ ಇತ್ತು. ಶಾರದಾ ಸದನದ ದೊಡ್ಡ ಹುಡುಗಿಯರೇ ಹೊಸಬರನ್ನು ನೋಡಿಕೊಂಡರು, ಕಲಿಸಿದರು. ಊರು ಕೆಟ್ಟವಳೆಂದು ತಳ್ಳಿದವರಿಗೆ ಕೃಪಾ ಸದನ. ಲೆಕ್ಕ ಹಾಕಿ ನೋಡ್ರಿ, ಹುಡುಗಿಯರು ಬಂದದ್ದು 1897, ಉಜ್ಜೀವನ 1905. ಎಂಟು ವರ್ಷ ಅನ್ನ, ನಿದ್ದೆ, ಪಾಠ! ನಾವೋ, ಒಂದು ಭಾನುವಾರದಲ್ಲೇ ಮಗು ಅತ್ತು ಸಾಕ್ಷಿ ಹೇಳಬೇಕು ಅಂತೀವಿ.

ಹಾಗಾಗಿ ಖಡಾಖಂಡಿತ ಹೇಳ್ತೀನಿ. ಹಸಿದು ಬೆಳೆದ ಮಗು ರೊಟ್ಟಿಯನ್ನು ಹಾಸಿಗೆ ಕೆಳಗೆ ಬಚ್ಚಿಟ್ಟರೆ ಅದು ಕಳ್ಳತನವಲ್ಲ, ನಾಳೆಯ ಭಯ. ಮುಟ್ಟಿದರೆ ಬೆಚ್ಚುವ ಹುಡುಗಿಯ ತಲೆ ಮೇಲೆ ಕೈಯಿಡೋ ಮೊದಲು ಅವಳನ್ನೇ ಕೇಳಿ, ಬೇಡ ಅಂದರೆ ದೂರ ಕೂತು ಪ್ರಾರ್ಥಿಸಿ. ರಾತ್ರಿ ಕಿರುಚಿದ ತಕ್ಷಣ ದೆವ್ವ ಅನ್ನಬೇಡಿ. ಆಶ್ರಮದ ಅಮ್ಮನಿಗೆ, ಕೌನ್ಸೆಲರ್‌ಗೆ ತಿಳಿಸಿ. ಫೋಟೋ ಸ್ಟೇಟಸ್‌ಗೆ ಹಾಕಬೇಡಿ, ಕಾನೂನೂ ಒಪ್ಪಲ್ಲ. ಬರ್ತೀನಿ ಅಂದ ದಿನ ತಪ್ಪದೆ ಹೋಗಿ.

1921ರಲ್ಲಿ ಮಗಳು ಮನೋರಮಾ ತೀರಿಹೋದಳು. ನಮ್ಮ ಕಲಬುರಗಿಯಲ್ಲಿ ಶಾಲೆ ತೆರೆದದ್ದು ಅವಳೇ. ರಮಾಬಾಯಿ ಮರಾಠಿ ಬೈಬಲ್ ಅನುವಾದ ಮುಗಿಸಿ 1922ರ ಏಪ್ರಿಲ್ 5ರಂದು ಮುಕ್ತಿಯಲ್ಲೇ ಕಣ್ಮುಚ್ಚಿದರು. ಕೇಡಗಾಂವ್‌ನ ಆ ಮನೆ ಇವತ್ತಿಗೂ ತೆರೆದಿದೆ. ಎದ್ದು ನಿಲ್ಲೋಣ, ನೀವು ಭೇಟಿಯಾದ ಒಂದೊಂದು ಮಗುವಿನ ಹೆಸರನ್ನು ಮನಸ್ಸಲ್ಲೇ ಹೇಳಿ ಪ್ರಾರ್ಥಿಸೋಣ.