ಯಂತ್ರಕ್ಕೆ ನುಡಿ ಕಲಿಸಿದ ಗ್ರೇಸ್ ಹಾಪರ್

ಭಾಷೆಗೆ ಕಟ್ಟಳೆಗಳನ್ನು ವಿಧಿಸುವ ಕಾರ್ಯ ನಮ್ಮ ನಾಡಿಗೆ ಹೊಸದಲ್ಲ. ಶಿರಸಿಯ ಸಮೀಪದ ಸೋಂದೆಯ ಜೈನಮಠದ ಗುರುಪರಂಪರೆಗೆ ಸೇರಿದ ಭಟ್ಟಾಕಳಂಕನು ೧೬೦೪ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಮುಗಿಸಿ, ಕನ್ನಡವನ್ನು ೫೯೨ ಸಂಸ್ಕೃತ ಸೂತ್ರಗಳಲ್ಲಿ ಹಿಡಿದಿಟ್ಟನು. ಹಿಂದಿನವರ ಸೂತ್ರಗಳೂ ಕವಿಗಳ ಪ್ರಯೋಗಗಳೂ ಆತನ ಮುಂದೆ ಇದ್ದುವು. ಯಾವ ವೈಯಾಕರಣನೂ ಬರಿಗೈಯಿಂದ ಆರಂಭಿಸುವುದಿಲ್ಲ. ಆದರೆ ಆತನು ಕಟ್ಟಳೆಗೊಳಪಡಿಸಿದುದು ಜನರು ಆಡುತ್ತಿದ್ದ ಭಾಷೆಯನ್ನು. ಆಡುವವರೇ ಇಲ್ಲದ, ಯಂತ್ರವೊಂದೇ ಪಾಲಿಸುವ ಭಾಷೆಯನ್ನು ಮನುಷ್ಯನ ನುಡಿಗೆ ಸಮೀಪ ತರುವ ಹೊಣೆ ಇಪ್ಪತ್ತನೆಯ ಶತಮಾನದ ಪಾಲಿಗೆ ಬಂದಿತು. ಆ ಹೊಣೆಯನ್ನು ಮೊದಮೊದಲು ಹೊತ್ತವರಲ್ಲಿ ಅಮೆರಿಕದ ಗ್ರೇಸ್ ಹಾಪರ್ ಅಗ್ರಗಣ್ಯಳು.

ಆಕೆ ನ್ಯೂಯಾರ್ಕ್ ನಗರದಲ್ಲಿ ೧೯೦೬ರ ಡಿಸೆಂಬರ್ ೯ರಂದು ಜನಿಸಿದಳು. ಏಳು ವರ್ಷದ ಬಾಲಕಿಯಾಗಿದ್ದಾಗಲೇ ಮನೆಯ ಅಲಾರಾಂ ಗಡಿಯಾರಗಳನ್ನು ಒಂದೊಂದಾಗಿ ಬಿಚ್ಚಿ, ಅವು ನಡೆಯುವ ಬಗೆಯನ್ನು ಅರಿಯಲು ಹೊರಟವಳು. ವಾಸರ್ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರಗಳನ್ನು ಓದಿ, ೧೯೩೪ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದಳು. ವಾಸರ್ ಕಾಲೇಜಿನಲ್ಲಿಯೇ ಅಧ್ಯಾಪಕಿಯಾಗಿದ್ದ ಆಕೆಯ ಬದುಕು ಎರಡನೆಯ ಮಹಾಯುದ್ಧ ಬಾರದಿದ್ದರೆ ಪಾಠಪ್ರವಚನಗಳಲ್ಲಿಯೇ ಸಾಗುತ್ತಿದ್ದಿತೇನೋ. ನೌಕಾದಳದ ನಿಯಮಕ್ಕೆ ಆಕೆಯ ತೂಕ ಸಾಲದಾಗಿತ್ತು, ವಯಸ್ಸೂ ಹೆಚ್ಚಾಗಿತ್ತು. ಆದರೂ ಹಟ ಹಿಡಿದು, ವಿನಾಯಿತಿ ಪಡೆದು, ೧೯೪೩ರ ಡಿಸೆಂಬರಿನಲ್ಲಿ ಸೇರಿಯೇ ಬಿಟ್ಟಳು.

ಮರುವರ್ಷ ನೌಕಾದಳವು ಆಕೆಯನ್ನು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೋವರ್ಡ್ ಏಕನ್ನನ ಕೈಕೆಳಗೆ ನಿಯಮಿಸಿತು. ಅಲ್ಲಿದ್ದುದು ಐವತ್ತೊಂದು ಅಡಿ ಉದ್ದದ, ಎಂಟು ಅಡಿ ಎತ್ತರದ ‘ಮಾರ್ಕ್ ಒಂದು’ ಎಂಬ ಗಣಕಯಂತ್ರ. ಅದಕ್ಕೆ ಪ್ರತಿಯೊಂದು ಆಜ್ಞೆಯನ್ನೂ ಕಾಗದದ ಪಟ್ಟಿಯಲ್ಲಿ ರಂಧ್ರಗಳಾಗಿ ಕೊರೆದು ಕೊಡಬೇಕಾಗಿತ್ತು. ಆಕೆಯೂ ರಾಬರ್ಟ್ ಕ್ಯಾಂಪ್‌ಬೆಲ್, ರಿಚರ್ಡ್ ಬ್ಲಾಕ್ ಎಂಬ ಸಹೋದ್ಯೋಗಿಗಳೂ ಸರಿಯೆಂದು ತೇರ್ಗಡೆಯಾದ ಆಜ್ಞಾವಳಿಗಳನ್ನು ನೋಟುಪುಸ್ತಕಗಳಲ್ಲಿ ಬರೆದಿಟ್ಟುಕೊಂಡು ಪರಸ್ಪರ ಕಡ ಪಡೆಯುತ್ತಿದ್ದರು. ಮುಂದೆ ಲೈಬ್ರರಿ ಎಂದು ಹೆಸರಾದುದರ ಬೀಜ ಇದೇ. ಆದರೆ ಓಲೆಗರಿಗಳನ್ನು ಪ್ರತಿಮಾಡುವಲ್ಲಿ ಲಿಪಿಕಾರರಿಗೆ ಒದಗುತ್ತಿದ್ದ ಸಂಕಟವೇ ಇವರಿಗೂ ಒದಗಿತು. ಮೂಲದಲ್ಲಿ ಶುದ್ಧವಾಗಿದ್ದುದು ನಕಲಿನಲ್ಲಿ ಕೆಡುತ್ತಿತ್ತು, ಒಂದು ಅಂಕಿ ತಪ್ಪಿದರೆ ಲೆಕ್ಕವೆಲ್ಲ ತಪ್ಪುತ್ತಿತ್ತು. ಮನುಷ್ಯನಿಗೆ ನಕಲು ಮಾಡುವುದು ಬಾರದು; ಯಂತ್ರಕ್ಕೆ ಅದಲ್ಲದೆ ಬೇರೇನು ಬರುತ್ತದೆ? ಹಾಗಾದರೆ ಆ ಕೆಲಸವನ್ನು ಯಂತ್ರಕ್ಕೇ ಏಕೆ ವಹಿಸಬಾರದು?

ಈ ಯೋಚನೆ ಫಲಿಸುವ ಮುನ್ನ ಕಷ್ಟದ ದಿನಗಳು ಬಂದುವು. ೧೯೪೫ರಲ್ಲಿ ವಿವಾಹವಿಚ್ಛೇದವಾಯಿತು. ಹಾರ್ವರ್ಡಿನಲ್ಲಿ ಕಾಯಂ ಸ್ಥಾನ ದೊರೆಯಲಿಲ್ಲ. ಮದ್ಯದ ವ್ಯಸನವೂ ಆಕೆಯನ್ನು ಕಾಡಿತು. ಮಿತ್ರರ ಎಚ್ಚರಿಕೆಯೂ ಕೆಲಸದ ಮೇಲಣ ಪ್ರೀತಿಯೂ ಆಕೆಯನ್ನು ಎತ್ತಿ ನಿಲ್ಲಿಸಿದುವು. ೧೯೪೯ರಲ್ಲಿ ಫಿಲಡೆಲ್ಫಿಯದ ಎಕರ್ಟ್–ಮಾಕ್ಲಿ ಕಂಪನಿಯನ್ನು ಸೇರಿದ ಆಕೆ, ಅಲ್ಲಿಯ ಯೂನಿವ್ಯಾಕ್ ಯಂತ್ರಕ್ಕಾಗಿ ೧೯೫೨ರ ವೇಳೆಗೆ ‘ಎ-ಸೊನ್ನೆ’ ಎಂಬ ಕಂಪೈಲರನ್ನು ಸಿದ್ಧಪಡಿಸಿದಳು. ತೇರ್ಗಡೆಯಾದ ಆಜ್ಞಾವಳಿಗಳನ್ನು ಕಾಂತಪಟ್ಟಿಯ ಮೇಲೆ ಶೇಖರಿಸಿ, ಒಂದೊಂದಕ್ಕೂ ಒಂದು ಸಂಕೇತವನ್ನು ಕೊಡಲಾಗಿತ್ತು. ಸಂಕೇತಗಳ ಪಟ್ಟಿಯನ್ನು ಕೊಟ್ಟರೆ ಸಾಕು. ಯಂತ್ರವೇ ಭಂಡಾರದಿಂದ ಬೇಕಾದುದನ್ನು ಆಯ್ದು, ಜೋಡಿಸಿ, ಪೂರ್ಣ ಪ್ರೋಗ್ರಾಮನ್ನು ಕಟ್ಟುತ್ತಿತ್ತು. ಕಂಪೈಲ್ ಎಂದರೆ ಸಂಕಲಿಸುವುದು. ಕವನಗಳನ್ನು ಆಯ್ದು ಗ್ರಂಥ ಮಾಡುವವನ ಕೆಲಸಕ್ಕೆ ಸಲ್ಲುವ ಮಾತು ಯಂತ್ರಶಾಸ್ತ್ರಕ್ಕೆ ಬಂದುದು ಹೀಗೆ. ಬೆಟ್ಟಿ ಹೋಲ್ಬರ್ಟನ್ನಳ ಹಿಂದಿನ ಪ್ರಯೋಗ ಆಕೆಗೆ ದಾರಿದೀಪವಾಗಿತ್ತು. ರಿಚರ್ಡ್ ರಿಜ್‌ವೇ, ಮಾರ್ಗರೆಟ್ ಹಾರ್ಪರ್ ಮೊದಲಾದವರು ಕೈಜೋಡಿಸಿದರು.

೧೯೫೩ರಲ್ಲಿ ‘ಎ-ಎರಡು’ ಕಂಪೈಲರು ಸಿದ್ಧವಾದಾಗ ಅದನ್ನು ಗಿರಾಕಿಗಳಿಗೆ ಮೂಲಬರಹ ಸಹಿತವಾಗಿ ಕೊಟ್ಟು, ತಾವು ಮಾಡಿದ ತಿದ್ದುಪಡಿಗಳನ್ನು ಹಿಂದಕ್ಕೆ ಕಳುಹಿಸುವಂತೆ ಅವರನ್ನು ಕೋರಲಾಯಿತು. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಅಡಕೆ ಬೆಳೆಗಾರರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ; ಇಂದು ನಮ್ಮ ಕೆಲಸಕ್ಕೆ ನೀವು, ನಾಳೆ ನಿಮ್ಮ ಕೆಲಸಕ್ಕೆ ನಾವು ಎಂಬ ಮುಯ್ಯಾಳಿನ ಧರ್ಮವೇ ಇದು. ವ್ಯತ್ಯಾಸ ಒಂದುಂಟು. ಮುಯ್ಯಾಳು ಒಂದು ದಿನ ಒಂದು ಮನೆಗೆ ಮಾತ್ರ ದುಡಿಯಬಲ್ಲ. ಒಬ್ಬನು ತಿದ್ದಿದ ಆಜ್ಞಾವಳಿಯಾದರೋ ಏಕಕಾಲದಲ್ಲಿ ಎಲ್ಲರ ಮನೆಯಲ್ಲಿಯೂ ದುಡಿಯುತ್ತದೆ.

ಗಣಿತ ಬಲ್ಲವರಿಗೆ ಚಿಹ್ನೆಗಳು ಸಾಕು. ವ್ಯಾಪಾರದ ಲೆಕ್ಕ ಬರೆಯುವವರ ಗತಿಯೇನು? ಅವರು ತಮ್ಮ ಮಾತುಗಳಲ್ಲಿಯೇ ಯಂತ್ರಕ್ಕೆ ಆಜ್ಞೆ ಕೊಡಬೇಕೆಂಬುದು ಹಾಪರಳ ಹಂಬಲ. ಇಂಗ್ಲಿಷ್ ಪದಗಳು ಯಂತ್ರಕ್ಕೆ ಕೇವಲ ಚಿಹ್ನೆಗಳೆಂದೂ ಫ್ರೆಂಚ್, ಜರ್ಮನ್ ಪದಗಳಾದರೂ ಅದಕ್ಕೆ ಒಂದೇ ಎಂದೂ ತೋರಿಸಿಕೊಟ್ಟಾಗ, ಅಮೆರಿಕದ ಯಂತ್ರಕ್ಕೆ ಪರಭಾಷೆಯೇ ಎಂದು ಮೇಲಧಿಕಾರಿಗಳು ಹೌಹಾರಿದರೆಂದು ಆಕೆ ಮುಂದೆ ನೆನೆಯುತ್ತಿದ್ದಳು. ಕನ್ನಡದಂಥ ಭಾಷೆಗಳ ಮಕ್ಕಳು ಗಮನಿಸಬೇಕಾದ ಸಂಗತಿಯಿದು. ಯಂತ್ರಕ್ಕೆ ತಾಯ್ನುಡಿಯಿಲ್ಲ, ಒಂದು ಭಾಷೆಯ ಪಕ್ಷ ವಹಿಸುವವರು ಮನುಷ್ಯರೇ. ಕೊನೆಗೆ ಇಂಗ್ಲಿಷ್ ಪದಗಳ ‘ಫ್ಲೋ-ಮ್ಯಾಟಿಕ್’ ರೂಪುಗೊಂಡಿತು.

ಕೋಬಾಲ್ ಭಾಷೆಯನ್ನು ಆಕೆಯೊಬ್ಬಳೇ ಸೃಷ್ಟಿಸಿದಳೆಂಬ ಪ್ರತೀತಿ ಸರಿಯಲ್ಲ. ೧೯೫೯ರ ಮೇ ತಿಂಗಳಲ್ಲಿ ಸರಕಾರ, ಗಿರಾಕಿಗಳು ಹಾಗೂ ಪ್ರತಿಸ್ಪರ್ಧಿ ಕಂಪನಿಗಳ ಪ್ರತಿನಿಧಿಗಳು ಒಂದೆಡೆ ಕಲೆತು, ಎಲ್ಲ ಯಂತ್ರಗಳಿಗೂ ಸಲ್ಲುವ ಒಂದು ಭಾಷೆ ಬೇಕೆಂದು ನಿಶ್ಚಯಿಸಿದರು. ಜೀನ್ ಸ್ಯಾಮೆಟ್ ಮೊದಲಾದವರಿದ್ದ ಸಮಿತಿ ಅದನ್ನು ರಚಿಸಿತು. ಹಾಪರ್ ಸಲಹೆಗಾರಳು, ಆದರೆ ಅದರ ಬಹುಪಾಲು ತಳಹದಿ ಫ್ಲೋ-ಮ್ಯಾಟಿಕ್ಕಿನದು. ೧೯೬೦ರ ಡಿಸೆಂಬರಿನಲ್ಲಿ ಒಂದೇ ಪ್ರೋಗ್ರಾಮು ಅತ್ಯಲ್ಪ ಬದಲಾವಣೆಯೊಡನೆ ಎರಡು ಬೇರೆ ಬೇರೆ ಕಂಪನಿಗಳ ಯಂತ್ರಗಳ ಮೇಲೆ ನಡೆಯಿತು. ಸಮಿತಿಯ ನೂರು ಜಗಳಗಳ ನಡುವೆ ತನ್ನ ಹೆಸರಿಗಿಂತ ಕೆಲಸ ಉಳಿಯಲೆಂದು ಬಯಸುವುದು ಸಾಮಾನ್ಯ ಗುಣವಲ್ಲ.

೧೯೬೬ರಲ್ಲಿ ನಿವೃತ್ತಳಾದ ಆಕೆಯನ್ನು ನೌಕಾದಳ ಮರುವರ್ಷವೇ ಹಿಂದಕ್ಕೆ ಕರೆಸಿಕೊಂಡಿತು. ನೌಕಾದಳದ ಕಂಪೈಲರುಗಳೆಲ್ಲ ಕೋಬಾಲಿನ ಕಟ್ಟಳೆಗಳನ್ನು ಪಾಲಿಸುವುವೇ ಎಂದು ಒರೆಹಚ್ಚುವ ಪರೀಕ್ಷೆಗಳು ಅಲ್ಲಿ ಆಕೆಯ ನೇತೃತ್ವದಲ್ಲಿ ಸಿದ್ಧವಾದುವು. ರಿಯರ್ ಅಡ್ಮಿರಲ್ ಪದವಿಗೇರಿ, ೧೯೮೬ರಲ್ಲಿ ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ ನಿವೃತ್ತಿ ಹೊಂದಿದಳು. ೧೯೯೨ರ ಜನವರಿ ೧ರಂದು ತೀರಿಕೊಂಡಳು.

ಆಕೆಯ ನಿವೃತ್ತಿಯ ಮರುವರ್ಷ, ೧೯೮೭ರಲ್ಲಿ, ರಿಚರ್ಡ್ ಸ್ಟಾಲ್ಮನ್ನನ ಗ್ನೂ ಸಿ ಕಂಪೈಲರು ಯಾರು ಬೇಕಾದರೂ ಓದಿ ತಿದ್ದಿ ಹಂಚಬಹುದಾದ ರೀತಿಯಲ್ಲಿ ಹೊರಬಿದ್ದಿತು. ಇಂದು ಕೋಬಾಲಿಗೂ ಅಂಥ ಕಂಪೈಲರೊಂದನ್ನು ಸ್ವಯಂಸೇವಕರು ಪೋಷಿಸುತ್ತಿದ್ದಾರೆ. ನಮ್ಮ ಊರುಗಳ ವಿದ್ಯಾರ್ಥಿಯೂ ಇಂಥ ಭಂಡಾರಗಳಿಂದ ಧಾರಾಳವಾಗಿ ಪಡೆಯುತ್ತಾನೆ. ಪಡೆದವನು ಒಂದು ತಪ್ಪನ್ನಾದರೂ ತಿದ್ದಿ ಹಿಂದಕ್ಕೆ ಕಳುಹಿಸಿದರೆ, ಆ ಮಹಿಳೆಯ ಋಣದಲ್ಲಿ ಒಂದಂಶವನ್ನು ತೀರಿಸಿದಂತೆ.